ಬೇಕೆಂದು ಮಾಡಿದ್ದಲ್ಲ

☸️ ದಿನದ ಧಮ್ಮ ಚಿಂತನೆ



ಇವತ್ತಿನದು ಸ್ವಲ್ಪ ಉದ್ದವಾಗಿದೆ. ಬೆಳಗಿನ ಅವಸರದಲ್ಲಿ ಆಗದಿದ್ದರೆ ರಾತ್ರಿ ಊಟವಾದ ಮೇಲೆ ಓದಿ. ದಯವಿಟ್ಟು ಗಾಡಿ ಓಡಿಸುತ್ತಾ ಮಾತ್ರ ಓದಬೇಡಿ. ತಮಾಷೆಗೆ ಹೇಳುತ್ತಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಕಳೆದ ಹುಣ್ಣಿಮೆಯ ಕೂಟದಲ್ಲಿ, ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ನಮ್ಮ ಬಳಗದ ಹುಡುಗನೊಬ್ಬ ಪ್ರಶ್ನೆ ಕೇಳಿದ್ದು ಕೆಲವರಿಗೆ ನೆನಪಿರಬಹುದು. ಬೆಳಗಿನ ಜಾವ ದೇವನಹಳ್ಳಿ ಕಡೆ ಹೋಗುವಾಗ ಅವನ ಕಾರಿಗೆ ನಾಯಿಯೊಂದು ಅಡ್ಡ ಬಂದು ಸತ್ತಿತ್ತು. "ಸರ್, ನಾನು ಪಂಚಶೀಲ ತಗೊಂಡವನು. ಮೊದಲನೇ ಶೀಲ ಮುರಿದ ಹಾಗಾಯ್ತಾ?" ಎಂದ.

ಉತ್ತರ ನನ್ನ ಬಾಯಲ್ಲೇ ಇತ್ತು. ಪಾಣಾತಿಪಾತ ಆಗಬೇಕಾದರೆ ಐದು ಅಂಗಗಳು ಕೂಡಬೇಕು ಎಂದು ಅಟ್ಠಕಥೆಗಳು ಹೇಳುತ್ತವೆ. ಅದು ಜೀವಿಯಾಗಿರಬೇಕು, ಜೀವಿ ಎಂದು ನಮಗೆ ಗೊತ್ತಿರಬೇಕು, ಕೊಲ್ಲುವ ಮನಸ್ಸಿರಬೇಕು, ಅದಕ್ಕಾಗಿ ಪ್ರಯತ್ನಪಟ್ಟಿರಬೇಕು, ಆ ಪ್ರಯತ್ನದಿಂದಲೇ ಜೀವ ಹೋಗಿರಬೇಕು. ಜೊತೆಗೆ ಚಕ್ಖುಪಾಲ ಥೇರರ ಕತೆಯನ್ನೂ ಹೇಳಿದೆ. ಕಣ್ಣು ಕಳೆದುಕೊಂಡಿದ್ದ ಅವರು ಮಳೆ ನಿಂತ ಮೇಲೆ ಚಂಕ್ರಮಣ ಮಾಡುವಾಗ ಕಾಲಡಿ ಸಿಕ್ಕಿ ಹುಳುಗಳು ಸತ್ತವು. ಬೇರೆ ಭಿಕ್ಖುಗಳು ದೂರು ಹೇಳಿದರು. ಅವರು ಹುಳುಗಳನ್ನು ನೋಡಿಯೇ ಇಲ್ಲ, ಕೊಲ್ಲುವ ಚೇತನೆ ಅವರಲ್ಲಿಲ್ಲ ಎಂದರು ಭಗವಾನರು. ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆ ಕೊಡುವ ಕತೆಯೇ ಇದು.

ಹುಡುಗನಿಗೆ ಸಮಾಧಾನವಾಯಿತು. ಧನ್ಯವಾದ ಹೇಳಿದ. ಆಮೇಲೆ ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಅಂದ: "ಆದ್ರೆ ಸರ್, ನಾನು ಗಾಡಿ ನಿಲ್ಲಿಸ್ಲಿಲ್ಲ. ಫ್ಲೈಟ್ ತಪ್ಪುತ್ತೆ ಅಂದ್ರು ಹಿಂದೆ ಕೂತಿದ್ದೋರು. ಕನ್ನಡೀಲಿ ನೋಡ್ದೆ, ಅದಿನ್ನೂ ಕಾಲು ಆಡಿಸ್ತಿತ್ತು."

ನನಗೆ ಏನೂ ಹೊಳೆಯಲಿಲ್ಲ. "ಮುಂದಿನ ಸಲ ಮಾತಾಡೋಣ" ಎಂದು ಎಲ್ಲರನ್ನೂ ಮೈತ್ರಿ ಧ್ಯಾನಕ್ಕೆ ಕೂರಿಸಿಬಿಟ್ಟೆ. ಕಣ್ಣು ಮುಚ್ಚಿದರೆ ನನಗೆ ಕಂಡದ್ದು ರಸ್ತೆಯಲ್ಲಿ ಚೆಲ್ಲಿದ್ದ ಒಂದು ಹೊರೆ ಹಸಿ ಹುಲ್ಲು.

2011ರ ನವೆಂಬರ್. ಕೊಳ್ಳೇಗಾಲದಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಮೈಸೂರಿಗೆ ಹಿಂತಿರುಗುತ್ತಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಭಾಮೈದ. ತಿರುಮಕೂಡಲು ನರಸೀಪುರ ಇನ್ನೂ ಮುಂದಿತ್ತು. ಹೊತ್ತು ಮುಳುಗಿ ಕತ್ತಲು ಕೂರುವ ಸಮಯ, ಎರಡೂ ಕಡೆ ಕಬ್ಬಿನ ಗದ್ದೆ. ಮುಂದೆ ಒಂದು ಟಿವಿಎಸ್ ಮೊಪೆಡ್, ಅದರ ಹಿಂದೆ ಹುಲ್ಲಿನ ಹೊರೆ. ನಾನು ಕಂಡಾಗ ತೀರಾ ಹತ್ತಿರ ಬಂದಾಗಿತ್ತು. ಕಾರಿನ ಎಡ ಮೂಲೆ ತಗುಲಿ ಮೊಪೆಡ್ ಚರಂಡಿಗೆ ಬಿತ್ತು.

ಬ್ರೇಕ್ ಒತ್ತಿದೆ. ಗಾಡಿ ನಿಂತಿತು. ಆಗ ಭಾಮೈದ, "ನಿಲ್ಲಿಸ್ಬೇಡಿ ಭಾವ, ಊರೋರು ಸೇರ್ಕೊಂಡ್ರೆ ಸುಮ್ನೆ ಬಿಡಲ್ಲ. ಮುಂದೆ ಸ್ಟೇಷನ್ನಿಗೆ ಹೋಗಿ ಹೇಳೋಣ" ಎಂದ. ನನ್ನ ಕಾಲು ಬ್ರೇಕಿನಿಂದ ಎದ್ದು ಆಕ್ಸಿಲರೇಟರ್ ಮೇಲೆ ಹೋಯಿತು. ಹೋಯಿತು ಎಂದು ಬರೆದಿದ್ದೇನೆ, ನೋಡಿ. ನಾನೇ ಇಟ್ಟೆ. ಅರ್ಧ ಕಿಲೋಮೀಟರ್ ದಾಟಿರಬೇಕು, ಹೆಂಡತಿ "ರೀ, ಗಾಡಿ ತಿರುಗಿಸಿ" ಎಂದಳು. ಬೇರೇನೂ ಹೇಳಲಿಲ್ಲ, ದನಿಯನ್ನೂ ಎತ್ತಲಿಲ್ಲ. ತಿರುಗಿಸಿದೆ.

ಭಾಮೈದನನ್ನು ಇಲ್ಲಿ ಕೆಟ್ಟವನನ್ನಾಗಿ ತೋರಿಸುವ ಆಸೆ ನನಗಿಲ್ಲ. ಅವನ ಭಯ ಸುಳ್ಳಲ್ಲ, ಕಾನೂನಿಗೂ ಅದು ಗೊತ್ತು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಚಾಲಕ ಗಾಯಾಳುವನ್ನು ಹತ್ತಿರದ ವೈದ್ಯರ ಬಳಿಗೆ ಅಥವಾ ಆಸ್ಪತ್ರೆಗೆ ತಲುಪಿಸಬೇಕು. ಗುಂಪಿನ ಆಕ್ರೋಶದಂಥ, ಕೈಮೀರಿದ ಕಾರಣವಿದ್ದರೆ ಮಾತ್ರ ವಿನಾಯಿತಿ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. 2024ರ ಜನವರಿಯಲ್ಲಿ ದೇಶದ ಲಾರಿ ಚಾಲಕರು ಮುಷ್ಕರ ಹೂಡಿದ್ದೂ ಇದೇ ಭಯದಿಂದ. ಅಪಘಾತದಲ್ಲಿ ಜೀವ ಹೋಗಿ, ಚಾಲಕ ಹೇಳದೆ ಕೇಳದೆ ಪರಾರಿಯಾದರೆ 10 ವರ್ಷದವರೆಗೆ ಶಿಕ್ಷೆ ಎಂದು ಹೊಸ ನ್ಯಾಯ ಸಂಹಿತೆ ಹೇಳಿತ್ತು. ನಿಂತರೆ ಜನ ಹೊಡೆದು ಸಾಯಿಸುತ್ತಾರೆ, ಹೋದರೆ ಜೈಲು, ನಾವೇನು ಮಾಡಬೇಕು ಎಂದು ಅವರು ಕೇಳಿದರು. 2024ರ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ತಡೆಹಿಡಿಯಲಾಯಿತು. ಅವರ ಪ್ರಶ್ನೆಯನ್ನು ಕಾರಿನೊಳಗೆ ಬೆಚ್ಚಗೆ ಕೂತವರು ಹಗುರವಾಗಿ ತೆಗೆದುಕೊಳ್ಳಬಾರದು.

ಆದರೆ ನನ್ನ ಅವತ್ತಿನ ಸ್ಥಿತಿ ಬೇರೆ. ರಸ್ತೆಯಲ್ಲಿ ಗುಂಪು ಇರಲೇ ಇಲ್ಲ. ನಾನು ಓಡಿದ್ದು ಇನ್ನೂ ಸೇರದ ಗುಂಪಿನಿಂದ. ಸ್ಟೇಷನ್ನಿಗೆ ಹೋಗಿ ಹೇಳುತ್ತಿದ್ದೆನೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ.

ನಾವು ಹಿಂತಿರುಗುವ ಹೊತ್ತಿಗೆ ನಾಲ್ಕೈದು ಜನ ಸೇರಿದ್ದರು. ಗದ್ದೆಗೆ ನೀರು ಕಟ್ಟುತ್ತಿದ್ದ ಒಬ್ಬ ಮುದುಕರೇ ಅವರಿಗೆಲ್ಲ ಯಜಮಾನ. ಬಿದ್ದವನನ್ನು ಕೈ ಹಿಡಿದು ಎಬ್ಬಿಸಲು ಹೋದ ಹುಡುಗರನ್ನು ಅವರು ಗದರಿದರು. ಬಾಯಿಗೆ ನೀರು ಬಿಡಲು ಹೋದವನ ಚೊಂಬನ್ನು ಕಸಿದುಕೊಂಡರು. ಟವೆಲ್ ಮಡಚಿ ರಕ್ತ ಬರುತ್ತಿದ್ದ ಜಾಗಕ್ಕೆ ಒತ್ತಿ ಹಿಡಿಯಲು ನನ್ನ ಹೆಂಡತಿಗೆ ಹೇಳಿದರು. ಮುರಿದ ಕಾಲಿಗೆ ಎರಡು ಬಿದಿರಿನ ದಬ್ಬೆ ಇಟ್ಟು ಅಲುಗಾಡದ ಹಾಗೆ ಕಟ್ಟಿದರು. ಇದನ್ನೆಲ್ಲ ಅವರು ಎಲ್ಲಿ ಕಲಿತರೋ, ನಾನು ಕೇಳಲಿಲ್ಲ. ಆಮೇಲೆ ಪ್ರಥಮ ಚಿಕಿತ್ಸೆಯ ಶಿಬಿರವೊಂದರಲ್ಲಿ ಕೂತಾಗ ತಿಳಿಯಿತು, ಅವರು ಮಾಡಿದ್ದೆಲ್ಲ ಸರಿ. ಬೆಂಕಿಯೋ ಮತ್ತೊಂದು ಗಾಡಿ ಬಂದು ಗುದ್ದುವ ಅಪಾಯವೋ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬಾರದು, ಕುತ್ತಿಗೆ ತಿರುಚಬಾರದು, ಹೆಲ್ಮೆಟ್ಟನ್ನು ಬಲವಂತವಾಗಿ ಕೀಳಬಾರದು, ಕುಡಿಯಲು ಏನೂ ಕೊಡಬಾರದು. ನಾನು ಮಾಡಿದ್ದು ಎರಡೇ ಕೆಲಸ. ಕಾರಿನ ನಾಲ್ಕೂ ಇಂಡಿಕೇಟರ್ ಹಾಕಿ ಹಿಂದೆ ಬರುವ ಗಾಡಿಗಳಿಗೆ ಕಾಣುವಂತೆ ನಿಲ್ಲಿಸಿದ್ದು, 108ಕ್ಕೆ ಫೋನ್ ಮಾಡಿದ್ದು.

ಒಬ್ಬ ಹುಡುಗ ನನ್ನ ಕಾಲರ್ ಹಿಡಿದ. ಮುದುಕರು ತಲೆ ಎತ್ತದೆಯೇ, "ತಿರುಗಿ ಬಂದವ್ನೆ, ಬುಡ್ಲಾ" ಎಂದರು. ಹುಡುಗ ಕೈ ಬಿಟ್ಟ. ಆ ಒಂದು ಮಾತನ್ನು ನಾನು ವರ್ಷಗಟ್ಟಲೆ ಪ್ರಶಸ್ತಿಯ ಹಾಗೆ ಇಟ್ಟುಕೊಂಡಿದ್ದೆ. ಈ ಕತೆಯನ್ನು ನಾನು ಹೇಳಿದ್ದನ್ನು ನಿಮ್ಮಲ್ಲಿ ಕೆಲವರು ಕೇಳಿಯೂ ಇದ್ದೀರಿ. ಆದರೆ ನೀವು ಕೇಳಿದ್ದು ಪೂರ್ತಿ ಕತೆಯಲ್ಲ.

ಆ ಮೊಪೆಡ್ಡಿಗೆ ಹಿಂದೆ ಲೈಟ್ ಇರಲಿಲ್ಲ. ಇದು ನಿಜ. ಪೊಲೀಸರ ಮಹಜರಿನಲ್ಲೂ ಇದೆ. ನಾನು ಪೊಲೀಸರಿಗೆ, ವಕೀಲರಿಗೆ, ಶಾಲೆಯ ಸಹೋದ್ಯೋಗಿಗಳಿಗೆ, ನಿಮಗೆ ಎಲ್ಲರಿಗೂ ಹೇಳಿದ್ದು ಅದನ್ನೇ. ಹೇಳದೆ ಬಿಟ್ಟದ್ದು ಏನೆಂದರೆ, ತಗುಲುವ ಮುಂಚಿನ ಆ ಎರಡು ಮೂರು ಸೆಕೆಂಡು ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ. ಗೇರ್ ಪಕ್ಕದ ಗುಳಿಯಲ್ಲಿಟ್ಟಿದ್ದ ಫೋನ್ ಹೊಡೆದುಕೊಂಡಿತು, ಯಾರೆಂದು ಬಗ್ಗಿ ನೋಡಿದೆ. ಎತ್ತಿ ಮಾತಾಡಲೂ ಇಲ್ಲ, ಬರೀ ನೋಡಿದೆ. ಕರೆ ಮಾಡಿದ್ದು ಯಾರೆಂಬುದು ಇವತ್ತು ನೆನಪಿಲ್ಲ. ಅಷ್ಟು ಮುಖ್ಯವಾದ ಕರೆ ಅದು.

ವಿನಯ ಪಿಟಕದಲ್ಲಿ ಮೂರನೇ ಪಾರಾಜಿಕದ ಕೆಳಗೆ ಬರುವ ಒಂದು ಪ್ರಕರಣವನ್ನು ನಾನು ಕೂಟದಲ್ಲಿ ಒಮ್ಮೆಯೂ ಹೇಳಿಲ್ಲ. ಓದಿದ್ದೆ, ಆದರೂ ದಾಟಿಕೊಂಡು ಹೋಗುತ್ತಿದ್ದೆ. ಪಿಂಡಪಾತಕ್ಕೆ ಹೋದ ಭಿಕ್ಖುವೊಬ್ಬ ಒಂದು ಮನೆಯಲ್ಲಿ ಪೀಠದ ಮೇಲೆ ಕುಳಿತುಬಿಟ್ಟ. ಅದರ ಮೇಲಿದ್ದ ಬಟ್ಟೆಯಡಿ ಮಗುವಿತ್ತು. ಮಗು ತೀರಿಹೋಯಿತು. ಆ ಭಿಕ್ಖುವಿನ ಎದೆ ಹೇಗೆ ಒಡೆದಿರಬೇಕು, ಆ ತಾಯಿಯ ಗತಿ ಏನಾಗಿರಬೇಕು, ಗ್ರಂಥ ಅದನ್ನೆಲ್ಲ ಹೇಳುವುದಿಲ್ಲ. ವಿಷಯ ಭಗವಾನರ ಮುಂದೆ ಬಂತು. ಅವರ ತೀರ್ಪಿಗೆ ಎರಡು ಭಾಗ. ಪಾರಾಜಿಕವಲ್ಲ, ಏಕೆಂದರೆ ಕೊಲ್ಲುವ ಮನಸ್ಸಿರಲಿಲ್ಲ. ಆದರೆ ನೋಡದೆ ಪೀಠದ ಮೇಲೆ ಕೂರಬಾರದು, ಕೂತರೆ ದುಕ್ಕಟದ ಆಪತ್ತಿ.

ಚಕ್ಖುಪಾಲರಿಗೆ ಕಣ್ಣಿರಲಿಲ್ಲ. ಈ ಭಿಕ್ಖುವಿಗೆ ಕಣ್ಣಿತ್ತು, ಬಟ್ಟೆ ಎತ್ತಿ ನೋಡಬಹುದಿತ್ತು. ನಾವೆಲ್ಲ ಅಪಘಾತವಾದ ಕೂಡಲೇ ಚಕ್ಖುಪಾಲರ ಪಕ್ಕ ಹೋಗಿ ನಿಲ್ಲುತ್ತೇವೆ, "ಬೇಕಂತ ಮಾಡಿದ್ದಲ್ಲ" ಎನ್ನುತ್ತೇವೆ. ಮಾತು ನಿಜವೇ. ಆದರೆ ಅದು ಒಂದು ಪ್ರಶ್ನೆಗೆ ಮಾತ್ರ ಉತ್ತರ. ನೋಡಬಹುದಾಗಿತ್ತೇ ಎಂಬ ಎರಡನೇ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ. ತಗುಲಿದ ಮೇಲೆ ಏನು ಮಾಡಿದೆ ಎಂಬ ಮೂರನೆಯದಂತೂ ಪೂರ್ತಿ ಬೇರೆಯೇ ಕಮ್ಮ. ಮೊಪೆಡ್ಡಿಗೆ ತಗುಲಿದಾಗ ನನ್ನಲ್ಲಿ ಚೇತನೆ ಇರಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಇತ್ತು. ಠಾಣೆಯಲ್ಲಿ ಬಾಯಿ ಮುಚ್ಚಿಕೊಂಡಾಗ ಪೂರ್ತಿ ಇತ್ತು. ಶೀಲ ಮುರಿದಿದ್ದರೆ ಮುರಿದದ್ದು ಮೊದಲನೆಯದಲ್ಲ, ನಾಲ್ಕನೆಯದು.

ಕೇಸಾಯಿತು. "ಒಪ್ಕೊಂಡ್ಬಿಡಿ ಮೇಷ್ಟ್ರೇ, ದಂಡ ಕಟ್ಟಿದ್ರೆ ಮುಗೀತು" ಎಂದರು ವಕೀಲರು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ. ಕಾಗದದ ಮೇಲೆ ಒಪ್ಪಿಕೊಂಡೆ ಎನ್ನುವುದೇ ಒಂದು ಒಳ್ಳೆಯ ಮರೆಯಾಯಿತು. ಪರಿಹಾರದ ದಾವೆ 2013ರಲ್ಲಿ ಲೋಕ್ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿ ವಿಮೆಯ ಕಡೆಯವರು ಹಿಡಿದದ್ದು ಅದೇ ಹಿಂದಿನ ಲೈಟನ್ನು. ಸವಾರನದ್ದೂ ತಪ್ಪಿದೆ ಎಂದು ತೋರಿಸಿದರೆ ಪರಿಹಾರದಲ್ಲಿ ಅಷ್ಟು ಭಾಗ ಕಡಿತವಾಗುತ್ತದೆ. ಕಡಿತವಾಯಿತು. ನಾನು ಹೊರಗೆ ಮರದ ಕೆಳಗೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ.

ಅಂಬಲಟ್ಠಿಕೆಯಲ್ಲಿ ಭಗವಾನರು ಬಾಲಕ ರಾಹುಲನಿಗೆ ಹೇಳಿದ ಉಪದೇಶ ಎಲ್ಲರಿಗೂ ಗೊತ್ತು. ಕೆಲಸಕ್ಕೆ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಹಾಗೆ ಅದನ್ನು ನೋಡಿಕೊಳ್ಳಬೇಕು. ಅದರಿಂದ ನೋವಾಗಿದೆ ಎಂದು ಕಂಡರೆ ಗುರುಗಳ ಮುಂದೆ ಅಥವಾ ತಿಳಿದ ಸಂಗಾತಿಗಳ ಮುಂದೆ ತೆರೆದಿಡಬೇಕು. ನಾನು ಇದನ್ನು ಎಷ್ಟು ಸಲ ವಿವರಿಸಿಲ್ಲ! ಆದರೆ ಆ ಸುತ್ತ ಶುರುವಾಗುವುದು ಕನ್ನಡಿಯಿಂದಲ್ಲ, ಪಾತ್ರೆಯ ತಳದಲ್ಲಿ ಉಳಿದ ಚೂರು ನೀರಿನಿಂದ. ಗೊತ್ತಿದ್ದೂ ಸುಳ್ಳು ಹೇಳಿ ನಾಚದವನಲ್ಲಿ ಸಾಧನೆ ಎಂಬುದು ಅಷ್ಟೇ ಉಳಿದಿರುತ್ತದೆ ಎಂದು ಹೇಳಿ ಅದನ್ನೂ ಚೆಲ್ಲಿಬಿಡುತ್ತಾರೆ. ಅಶೋಕ ಚಕ್ರವರ್ತಿ ಭಾಬ್ರು ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಏಳು ಪಾಠಗಳನ್ನು ಹೆಸರಿಸುವಾಗ, ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಉಪದೇಶ ಎಂದೇ ಒಂದನ್ನು ಗುರುತಿಸುತ್ತಾನೆ. ಅವನು ಹೆಸರಿಗೆ ಹಿಡಿದದ್ದು ಸುಳ್ಳನ್ನು. ನಾನು ಪಾಠ ಮಾಡುವಾಗ ಅದನ್ನು ಬಿಟ್ಟು ಕನ್ನಡಿಯ ಭಾಗಕ್ಕೆ ಬೇಗ ಬರುತ್ತಿದ್ದೆ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಲೈಟ್ ಇರಲಿಲ್ಲ ಎಂಬುದು ಸತ್ಯ ಎಂದು ಮನಸ್ಸು ವಾದಿಸುತ್ತದೆ. ಮಿಲಿಂದ ರಾಜ ನಾಗಸೇನರನ್ನು ಕೇಳುತ್ತಾನೆ, ತಿಳಿದು ಪಾಪ ಮಾಡಿದವನಿಗೂ ತಿಳಿಯದೆ ಮಾಡಿದವನಿಗೂ ಯಾರಿಗೆ ಹೆಚ್ಚು ಕೇಡು ಎಂದು. ತಿಳಿಯದವನಿಗೇ ಹೆಚ್ಚು ಎನ್ನುತ್ತಾರೆ ನಾಗಸೇನರು. ಕಾದ ಕಬ್ಬಿಣದ ಗುಂಡನ್ನು ಗೊತ್ತಿಲ್ಲದೆ ಹಿಡಿದವನ ಕೈಯೇ ಹೆಚ್ಚು ಸುಡುತ್ತದಲ್ಲವೇ ಎಂಬುದು ಅವರ ವಾದ. ನನಗೆ ಈ ಉತ್ತರ ಬಹಳ ಕಾಲ ಅನ್ಯಾಯ ಎನಿಸಿತ್ತು, ಅದು ಚಕ್ಖುಪಾಲರ ಕತೆಗೆ ತೀರಾ ವಿರುದ್ಧ. ಇವತ್ತಿಗೂ ಎರಡನ್ನೂ ಹೊಂದಿಸಿ ಹೇಳುವಷ್ಟು ಪಂಡಿತ ನಾನಲ್ಲ. ಆದರೆ ಆ ಸಾಲು ಯಾಕೆ ಸುಡುತ್ತದೆ ಎಂದು ಈಗ ಗೊತ್ತು.

ಹೋದ ಭಾನುವಾರ ಬಸ್ಸಿನಲ್ಲಿ ಆ ಊರಿಗೆ ಹೋದೆ. ಅಪಘಾತವಾದ ವಾರ ದೊಡ್ಡಾಸ್ಪತ್ರೆಗೆ ಹಣ್ಣು, ಬ್ರೆಡ್ಡು ಹಿಡಿದುಕೊಂಡು ಎರಡು ಸಲ ಹೋಗಿದ್ದು ಬಿಟ್ಟರೆ, ಈ 14 ವರ್ಷದಲ್ಲಿ ಅವನನ್ನು ನೋಡಿರಲಿಲ್ಲ. ಆಗ ಮೂವತ್ತೈದು ಇದ್ದಿರಬೇಕು, ಈಗ ತಲೆ ನೆರೆತಿದೆ. ಎಡಗಾಲು ಎಳೆದುಕೊಂಡು ನಡೆಯುತ್ತಾನೆ. ಹಸುಗಳನ್ನು ಮಾರಿ ಮನೆ ಮುಂದೆ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದಾನೆ. ನನ್ನ ಗುರುತು ಹತ್ತಲಿಲ್ಲ. ಹೇಳಿದ ಮೇಲೆ, "ಓ, ಮೇಷ್ಟ್ರಾ! ಬನ್ನಿ, ಕೂತ್ಕೊಳಿ" ಎಂದು ಸ್ಟೂಲು ಒರೆಸಿದ.

ಕಾಫಿ ಬಂತು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ. "ಅವತ್ತು ನಾನು ಫೋನ್ ನೋಡ್ತಿದ್ದೆ. ರಸ್ತೆ ನೋಡ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ" ಎಂದಷ್ಟೇ ಅಂದೆ. ಅವನು ಸುಮ್ಮನಿದ್ದ. ಸಿಟ್ಟಾಗುತ್ತಾನೆ, ಇಲ್ಲವೇ "ಹೋಗ್ಲಿ ಬುಡಿ ಸಾಮಿ, ಹಣೇಬರಹ" ಎನ್ನುತ್ತಾನೆ ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿ ಬಂದಿದ್ದೆ.

"ಲೈಟಿದ್ದಿದ್ರೂ ಹೊಡೀತಿದ್ರಾ?" ಎಂದು ಕೇಳಿದ.

ಯೋಚಿಸಿದೆ. "ನೋಡ್ತಾನೇ ಇರಲಿಲ್ಲವಲ್ಲ. ಹೊಡೀತಿದ್ದೆ ಅನ್ಸುತ್ತೆ" ಎಂದೆ.

ಹಣದ ಮಾತೆತ್ತಿದೆ. ಅದಾಲತ್ತಿನಲ್ಲಿ ಕಡಿತವಾದದ್ದನ್ನು ನಾನು ಕೊಡಬೇಕು ಎಂದೆ. ಅದನ್ನು ಆಮೇಲೆ ನೋಡೋಣ, ಮಗನೊಂದಿಗೆ ಕೂತು ಲೆಕ್ಕ ಹಾಕಬೇಕು ಎಂದ. ಬೇಡವೆನ್ನಲಿಲ್ಲ. ಬೇಡ ಎಂದುಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು ಎಂಬುದನ್ನೂ ಅಲ್ಲೇ ಕೂತು ಗಮನಿಸಿದೆ.

ನಮ್ಮ ಕ್ಯಾಬ್ ಹುಡುಗನಿಗೆ ಆ ರಾತ್ರಿಯೇ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಶೀಲದ ಬಗ್ಗೆ ಅವನಿಗೆ ಕೊಟ್ಟ ಉತ್ತರ ತಪ್ಪಲ್ಲ, ಆದರೆ ಅರ್ಧ ಎಂದೆ. ಅವನು ಈಗ ಡಿಕ್ಕಿಯಲ್ಲಿ ಒಂದು ಹಳೆಯ ಬೆಡ್‌ಶೀಟು, ಒಂದು ಟಾರ್ಚು ಇಟ್ಟುಕೊಂಡಿದ್ದಾನಂತೆ. ಹಾಗೆಯೇ, ಬೇರೆಯವರ ಅಪಘಾತ ಕಂಡು ಕೇಸಿಗೆ ಹೆದರಿ ನಿಲ್ಲದೆ ಹೋಗುವವರು ನಮ್ಮ ಬಳಗದಲ್ಲೂ ಇದ್ದೀರಿ, ನಿಮಗೊಂದು ಮಾತು. 2016ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ರಕ್ಷಣೆ ಕೊಟ್ಟಿತು, 2019ರ ತಿದ್ದುಪಡಿಯಿಂದ ಅದು 134ಎ ಸೆಕ್ಷನ್ ಆಗಿ ಕಾಯ್ದೆಗೇ ಸೇರಿದೆ. ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ. ದುಡ್ಡು ಯಾರು ಕಟ್ಟುತ್ತಾರೆ ಎಂದು ಚರಂಡಿಯ ಪಕ್ಕ ನಿಂತು ಯೋಚಿಸಬೇಕಾಗಿಲ್ಲ.

ಆ ಮನೆಯಿಂದ ಏಳುವ ಹೊತ್ತಿನಲ್ಲಿ ನಡೆದದ್ದೊಂದನ್ನು ಹೇಳುವುದು ಉಳಿಯಿತು. ಅವನು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು.

"ಹದಿನಾಲ್ಕು ವರ್ಸದಿಂದ ಇವ್ಳು ನನ್ನ ಬೈತಾವ್ಳೆ ಮೇಷ್ಟ್ರೇ," ಅಂದ. "ಐವತ್ತು ರೂಪಾಯಿ ಲೈಟು ಹಾಕಿಸ್ದೆ ಕಾಲು ಕಳಕೊಂಡ ಅಂತ. ಮಗನೂ ಅದ್ನೇ ಅಂತಾನೆ. ನಾನೂ ಹಂಗೇ ಅನ್ಕೊಂಡಿದ್ದೆ."

ಆಮೇಲೆ ನನ್ನ ಕಡೆ ನೋಡಿ, "ಇನ್ನೊಂದ್ಸಲ ಹೇಳಿ. ಇವ್ಳಿಗೆ ಕೇಳಂಗೆ" ಎಂದ.

ಎದ್ದು ನಿಂತು ಇನ್ನೊಂದು ಸಲ ಹೇಳಿದೆ.

ಮೈತ್ರಿಯೊಂದಿಗೆ 🙏